ಸಂದಿಯ ಮೇಲೆ ಸಂದಿ

ವಾರದ ದಿನಗಳಲ್ಲಿ ನಾನು ಮೀಟರು ಓದುವವಳು.
ಸೀತಾಂಗೋಳಿಯಿಂದ ನೀರ್ಚಾಲಿನವರೆಗೆ
ನಾಯಿಗಳಿಗೆಲ್ಲ ನನ್ನ ಚಪ್ಪಲಿಯ ಸದ್ದು ಗೊತ್ತು.
ಮುರಕಲ್ಲಿನ ಕೋರೆಯ ಹಿಂದೆ ಲೈನ್ ಕೋಣೆಗಳು:
ಬಾಗಿಲು ಹನ್ನೊಂದು, ಮೀಟರು ಒಂದೇ,
ಅದರ ಕೆಳಗೆ ಯಾವಾಗಲೂ ನಾಲ್ಕೈದು ಮಕ್ಕಳು.
ಅವ್ವಂದಿರು ಕೆಂಪು ಹೊಂಡದೊಳಗೆ,
ಅಪ್ಪಂದಿರು ಯಾರದೋ ಗೋಡೆಯ ಮೇಲೆ.

'ಏನ್ ಓದಾಕ್ಹತ್ತೀಯವ್ವಾ?' ಕೇಳಿದಳು ಫಕೀರವ್ವ.
ಅಂಕೆ, ಅಂದೆ.
'ಕತಿ ಇಲ್ಲೇನ ಅದರಾಗ?'

ಹಾಗೆ ಶುರುವಾದದ್ದು ಭಾನುವಾರ.
ಪುಣ್ಯದ ಕೆಲಸ ಅಂತ ಯಾರೂ ಹೇಳಬೇಡಿ;
ಮನೆಯಲ್ಲಿ ಆ ದಿನ ನನಗೆ ಬೇರೆ ಎಂತದೂ ಇರಲಿಲ್ಲ.

ಪುಸ್ತಕ ಆರಿಸುವುದು ಸುಲಭ ಅಂದುಕೊಂಡಿದ್ದೆ.
ವಾಚನಾಲಯದ ಕುಞಂಬು ಮಾಸ್ಟ್ರು ಕೀಲಿಕೈ ಕೊಟ್ಟು
'ಕನ್ನಡದ್ದು ಕೊನೆಯ ಕಪಾಟು, ಗೆದ್ದಲು ನೋಡಿಕೊಳ್ಳಿ' ಅಂದರು.
ರಾಜಕುಮಾರಿಯದ್ದನ್ನು ಬದಿಗಿಟ್ಟೆ.
ದಿನಕ್ಕೆರಡು ಬಾರಿ ಮೀಯುವ ಮೊಲದ್ದು,
ಹನ್ನೊಂದು ಕೋಣೆಗೆ ಒಂದೇ ನಲ್ಲಿ ಇರುವಲ್ಲಿ, ಬೇಡ.
ಬಡ ಹುಡುಗ ಕಷ್ಟಪಟ್ಟು ಓದಿ ಕಲೆಕ್ಟರ್ ಆದದ್ದು
ತೆಗೆದೆ, ಇಟ್ಟೆ, ಮತ್ತೆ ತೆಗೆದೆ, ಇಟ್ಟೇಬಿಟ್ಟೆ.
ಅಜ್ಜಿ ಮಡಿಲಲ್ಲಿ ಕೂರಿಸಿ ಉಂಡೆ ಕೊಡುವುದನ್ನು ಕೂಡಾ:
ಇವರ ಅಜ್ಜಿಯರು ಕುಷ್ಟಗಿಯಲ್ಲಿ, ಫೋನಿನೊಳಗೆ.

ಉಳಿದದ್ದು ಎರಡು. ಒಂದು ತಿಮಿಂಗಿಲದ್ದು.
ಇನ್ನೊಂದರಲ್ಲಿ ಪುಟ್ಟ ಮನೆ, ಕೆಂಪು ಗೋಡೆ, ಹೊಗೆ, ಬೆಕ್ಕು.
ಇದರಿಂದ ಯಾರಿಗೂ ಎಂತದೂ ಆಗಲಿಕ್ಕಿಲ್ಲ ಅನ್ನಿಸಿತು.

ಓದಿದೆ. ನನ್ನ ಕನ್ನಡಕ್ಕೇ ನಕ್ಕರು.
'ಬೆಕ್ಕು ಎಂತ ಮಾಡಿತು ಗೊತ್ತುಂಟಾ' ಅಂದರೆ
'ಉಂಟಾ! ಉಂಟಾ!' ಅಂತ ಒಬ್ಬರ ಮೇಲೊಬ್ಬರು ಬಿದ್ದು.
ಯಮನೂರ ಮಾತ್ರ ನಗಲಿಲ್ಲ.
ಎಂಟು ವರ್ಷ; ತನ್ನ ಹೆಸರನ್ನು
ಮಲೆಯಾಳದಲ್ಲಿ ಪೂರ್ತಿ ಬರೆಯುತ್ತಾನೆ, ಕನ್ನಡದಲ್ಲಿ ಅರ್ಧ.
ಪುಟದ ಮೇಲೆ ಬೆರಳಿಟ್ಟು ಗೋಡೆಯುದ್ದಕ್ಕೂ ಎಳೆದು
'ಈ ಮನಿ ಬೀಳತೈತಿ' ಅಂದ.
ಯಾಕೋ?
'ನೋಡ್ರಿ, ಸಂದಿ ಮ್ಯಾಲ ಸಂದಿ ಬಂದೈತಿ.
ಒಂದ್ ಮಳಿಗೆ ಸೀಳತೈತಿ, ಇಲ್ಲಿಂದ ಇಲ್ಲೀತನ.
ನಮ್ಮಪ್ಪ ಹಿಂಗ ಇಡಂಗಿಲ್ಲ.
ಕೆಳಗಿನ ಸಂದಿ ಮ್ಯಾಲ ಕಲ್ಲಿನ ಹೊಟ್ಟಿ ಬರಬೇಕು.'

ಆ ಪುಸ್ತಕವನ್ನು ನಾನು ಮೂರು ಸಲ ನೋಡಿದ್ದೆ,
ಒತ್ತಕ್ಷರ ಎಷ್ಟು, ಯಾರ ಮನಸ್ಸಿಗಾದರೂ
ತಾಗುವ ಮಾತು ಉಂಟಾ ಅಂತ.
ಗೋಡೆ ನೋಡಿರಲಿಲ್ಲ.

ವಾಚನಾಲಯದ ಪುಸ್ತಕ ಮಗಾ, ಗೀಚಬಾರದು
ಅನ್ನುವಷ್ಟರಲ್ಲಿ ನನ್ನ ಪೆನ್ಸಿಲು ಅವನ ಕೈಯಲ್ಲಿತ್ತು,
ಎರಡನೆಯ ವರಸೆ ಅರ್ಧ ಕಲ್ಲು ಸರಿದಿತ್ತು.
ಫಕೀರವ್ವ ರಬ್ಬರು ಹಿಡಿದಳು.
ದಾವಲ್, ಬೆಕ್ಕಿಗೆ ಕೈ ತಾಗದ ಹಾಗೆ ಕಾವಲು.
ಊಟದ ಹೊತ್ತಿನವರೆಗೂ ಅದೇ ಪುಟ.
ಕತೆ ಒಂದು ಶಬ್ದ ಮುಂದೆ ಹೋಗಲಿಲ್ಲ.

'ಇದೆಂತದು?' ಅಂದರು ಮಾಸ್ಟ್ರು ಸೋಮವಾರ ಸಂಜೆ.
ರಿಪೇರಿ, ಅಂದೆ.
ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದವರು
ದಂಡ ಬರೆಯುವುದು ಬಿಟ್ಟು
ತಮ್ಮ ಮನೆಯ ಬಡಗು ಗೋಡೆಯ ಬಿರುಕಿನ ಸಂಗತಿ ತೆಗೆದರು.

ಮಳೆ ಹಿಡಿದದ್ದೇ ಹೊಂಡದಲ್ಲಿ ನೀರು ನಿಂತು ಕೋರೆ ಮುಚ್ಚಿತು.
ಆಟಿಯಲ್ಲಿ ಮೀಟರು ಓದಲು ಹೋದಾಗ ಹನ್ನೊಂದು ಬೀಗ.
ಅಂಕೆ ಕಳೆದ ಸಲಕ್ಕಿಂತ ನಾಲ್ಕೇ ಹೆಚ್ಚು.
ಹೊರಡುವ ಹಿಂದಿನ ರಾತ್ರಿ
ಗಂಟು ಕಟ್ಟಲು ಉರಿಸಿದ ಬಲ್ಬುಗಳಿರಬೇಕು.
ಬರೆದುಕೊಂಡೆ. ಬೇರೆ ಪೆನ್ಸಿಲಿನಲ್ಲಿ.

ತಿಮಿಂಗಿಲ ವಾಪಸು ಬಂದಿಲ್ಲ.
ರಿಜಿಸ್ಟರು ತಿರುವಿ ಕೇಳಿದರು ಮಾಸ್ಟ್ರು,
ದಿನಕ್ಕೆ ಐವತ್ತು ಪೈಸೆ ದಂಡ ಓಡುತ್ತಾ ಉಂಟಲ್ಲ?
ಓಡಲಿ, ಅಂದೆ.

ಸಮುದ್ರ ಕುಂಬಳೆಯಲ್ಲಿ, ಬಸ್ಸಿಗೆ ಇಪ್ಪತ್ತು ನಿಮಿಷ;
ಇಲ್ಲಿದ್ದಷ್ಟು ದಿನ ಅವರನ್ನು ಯಾರೂ ಕರೆದುಕೊಂಡು ಹೋಗಲಿಲ್ಲ.
ನಾನೂ.
ಆ ಪುಸ್ತಕದಲ್ಲಿಯೂ ಎಲ್ಲಿಯೋ ತಪ್ಪಿರಬಹುದು.
ತಿಮಿಂಗಿಲ ಅವನಿಗೂ ಗೊತ್ತಿಲ್ಲ, ನನಗೂ.
ಪೆನ್ಸಿಲು ಅವನ ಹತ್ತಿರ ಉಂಟು.