ಉಜ್ಜಿದವರು

ಇರಿಡಿಯಂ ಚಿನ್ನಕ್ಕಿಂತ ದುಬಾರಿ.
ಅದರ ಕ್ಲೋರೈಡು ಒಂದು ಗ್ರಾಂ ತರಿಸಲು
ಮೂರು ಕೊಟೇಶನ್ನು, ಎರಡು ಸಹಿ, ಒಂದು ಮಾರ್ಚ್ ತಿಂಗಳು.
ತರಿಸಿದ್ದು ಒಮ್ಮೆ. ಸೀಸೆಯ ತಳದಲ್ಲಿ ಕಪ್ಪು ಪುಡಿ,
ಎರಡು ಕಣ್ಣಿಗೆ ಹಚ್ಚುವ ಸುರ್ಮಾದಷ್ಟು.
ಅದು ಮುಗಿದ ಮೇಲೆ ನಾನು ತಾಮ್ರಕ್ಕೆ ಬಂದೆ.

ಬಂದೆ ಅನ್ನುವುದು ತಪ್ಪು.
ಹಾಸನದ ಪೆನ್ಷನ್ ಮೊಹಲ್ಲಾದಲ್ಲಿ ತಾಮ್ರದ ನಡುವೆಯೇ ಹುಟ್ಟಿದವಳು:
ಅಬ್ಬಾನ ತಿದಿ, ನವಸಾಗರದ ಬಿಳಿ ಹೊಗೆ,
ಮದುವೆ ಮನೆಗಳ ಹಂಡೆ, ಡೇಗು, ಕೊಳದಪ್ಪಲೆ.
ಕಾದ ಪಾತ್ರೆಯೊಳಗೆ ತವರ ಸವರಿ
ಹತ್ತಿಯಿಂದ ಎರಡು ಸುತ್ತು ಉಜ್ಜಿದರೆ
ಒಳಗೆ ನನ್ನದೇ ಮೂಗು, ಅಗಲವಾಗಿ.

ಅವರ ಹಗೆ ಕಿಲುಬು. ನನ್ನದೂ ಅದೇ.
ಒಂದು ಎಲೆಕ್ಟ್ರಾನು ಜಾರಿದರೆ ಸಾಕು,
ತಾಮ್ರ ಹಸಿರು ತಿರುಗಿ
ಹೊಳೆಯುವುದನ್ನೇ ಮರೆತು ಕೂರುತ್ತದೆ.

ದೀಪಕ್ಕೆ ಗಾಳಿ ಬೇಕು, ಲೋಟ ಕವುಚಿದರೆ ಮೇಣದಬತ್ತಿ ಆರುತ್ತದೆ,
ಆರನೇ ಕ್ಲಾಸಿನ ಪ್ರಯೋಗ.
ನನ್ನದು ತಿರುಗಾಮುರುಗಾ. ಗಾಳಿ ಸೋಕಿದರೆ ಆರುವ ಬೆಳಕು.
ಆಮ್ಲಜನಕ ಕಳ್ಳಬೆಕ್ಕು,
ತುಂಬಿದ್ದನ್ನು ಹೊರಗೆ ಚೆಲ್ಲುವ ಮೊದಲೇ ನೆಕ್ಕಿ ಹೋಗುತ್ತದೆ.

ಇನ್ನೊಂದು ಕಾಟ:
ಬೆಳಕು ಕುಡಿದ ತಾಮ್ರ ಚಪ್ಪಟೆ ಮಲಗಲು ನೋಡುತ್ತದೆ.
ಮಲಗಿತೋ, ಕುಡಿದದ್ದೆಲ್ಲ ಬರೀ ಬಿಸಿ, ಪೋಲು.
ಅದಕ್ಕೆ ಅಕ್ಕಪಕ್ಕ ದಪ್ಪ ದಪ್ಪ ಗುಂಪುಗಳನ್ನು ಕೂರಿಸಿದೆ,
ಸಂಜೆ ಅರಕಲಗೂಡು ಬಸ್ಸಿನಲ್ಲಿ
ಮೂವರ ಸೀಟಿಗೆ ಐವರು ಕೂತ ಹಾಗೆ.
ನಿದ್ದೆ ಬಂದರೂ ಒರಗಲು ಜಾಗವಿಲ್ಲ.

ಕೆಂಪು ಸಿಕ್ಕಿತು, ಹಸಿರು ಸಿಕ್ಕಿತು.
ನೀಲಿ ಮಾತ್ರ,
ಫೋನಿನ ಪರದೆಯಲ್ಲಿ ಎಲ್ಲರಿಗಿಂತ ಮೊದಲು ಸುಸ್ತಾಗುವ ನೀಲಿ,
ಏಳು ವರ್ಷ ಸತಾಯಿಸಿತು, ಇನ್ನೂರ ಹದಿಮೂರು ಸೀಸೆ.
ಇನ್ನೂರ ಹದಿನಾಲ್ಕನೆಯದು ಹಗಲಲ್ಲಿ ಮೈದಾಹಿಟ್ಟು.
ಕಿಟಕಿಗೆ ಕಪ್ಪು ಬಟ್ಟೆ ಎಳೆದು ಯುವಿ ದೀಪ ಹಿಡಿದೆ.
ದುದ್ದದ ಯತೀಶ, ನನ್ನ ಕೈಕೆಳಗೆ ಓದುವ ಹುಡುಗ,
ಆಕಳಿಕೆಯನ್ನು ಅರ್ಧಕ್ಕೇ ನಿಲ್ಲಿಸಿದ.

ಮರೆತ ಬುತ್ತಿ ಕೊಡಲು ಅಬ್ಬಾ ಬಂದದ್ದು ಆಗಲೇ.
"ಕತ್ತಲಲ್ಲಿ ಏನು ಮಾಡ್ತಾ ಇದ್ದೀರಿ?"
ತೋರಿಸಿದೆ. ಕನ್ನಡಕ ಹಣೆಗೇರಿಸಿ ಬಗ್ಗಿದರು.
"ಚೆನ್ನಾಗಿದೆ. ಉಜ್ಜಿದೀಯಾ?"
ಉಜ್ಜಬಾರದು ಅಬ್ಬಾ, ಅನ್ನುವಷ್ಟರಲ್ಲಿ
ಅಗೇಟಿನ ಕಿರುಒರಳಲ್ಲಿ ಚಿಟಿಕೆ ಪುಡಿಯ ಮೇಲೆ
ಐವತ್ತು ವರ್ಷ ಪಳಗಿದ ಕೈ, ಎರಡು ಸುತ್ತು.

ನೀಲಿ ಹಳದಿಯಾಯಿತು.

"ಹೋಯ್ತು ಮೇಡಂ" ಎಂದ ಯತೀಶ.
ಅಬ್ಬಾ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು,
ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ.

ಏನು ತೋಚಿತೋ, ಅಸಿಟೊನೈಟ್ರೈಲಿನ ಸೀಸೆ ತೆರೆದು
ಹಳದಿಯನ್ನು ಅದರ ಆವಿಗೆ ಹಿಡಿದೆ.
ಒದ್ದೆ ಬಟ್ಟೆ ಅಂಚಿನಿಂದ ಒಣಗುತ್ತಾ ಬರುವಂತೆ
ಅಂಚಿನಿಂದ ನೀಲಿ ಬಂತು.
ಮತ್ತೆ ಉಜ್ಜಿದರು, ಹಳದಿ. ಮತ್ತೆ ಆವಿ, ನೀಲಿ.
ಹನ್ನೊಂದು ಸಲ. ಬುತ್ತಿ ಆರಿ ತಣ್ಣಗಾಯಿತು.

ಪರದೆಗೆ ಹೊಂದುತ್ತದೋ ನೋಡಲು ಬೆಂಗಳೂರಿಗೆ ಕಳಿಸಿದೆ,
ನಮ್ಮಲ್ಲಿ ನಿರ್ವಾತದ ಪೆಟ್ಟಿಗೆ ಇಲ್ಲ.
ಉತ್ತರ ಬಂತು: ನಲವತ್ತೊಂದು ನಿಮಿಷ ಬೆಳಗಿತು, ಆಮೇಲೆ ಇಲ್ಲ.
ಅಬ್ಬಾ ನಕ್ಕರು. "ನಲವತ್ತೊಂದು ನಿಮಿಷಕ್ಕೆ ಯಾರಮ್ಮ ದುಡ್ಡು ಕೊಡ್ತಾರೆ?
ನನ್ನದು ಆರು ತಿಂಗಳು ಗ್ಯಾರಂಟಿ."

ಪ್ರಬಂಧದಲ್ಲಿ 'ಪುಡಿಯನ್ನು ಅರೆಯಲಾಯಿತು' ಎಂದಷ್ಟೇ ಬರೆಯಬೇಕು.
ಅರೆದದ್ದು ಯಾರು ಎಂದು ಹೇಳುವ ಪದ್ಧತಿ ಅಲ್ಲಿಲ್ಲ.
ನೋಟುಪುಸ್ತಕದಲ್ಲಿ ಮಾತ್ರ ಆ ದಿನದ ಪುಟ ಹಾಗೇ ಇದೆ,
ಸಾರಿನ ಒಂದು ಕಲೆಯ ಸಮೇತ:

ಮಾದರಿ ೨೧೪. ತೂಕ ಹನ್ನೆರಡು ಮಿಲಿಗ್ರಾಂ.
ನೀಲಿ. ಉಜ್ಜಿದರೆ ಹಳದಿ.
ಉಜ್ಜಿದವರು: ಸಯ್ಯದ್ ಬುಡನ್, ಕಲಾಯಿ ಕೆಲಸ.