ಏಳನೇ ಮೆಟ್ಟಿಲು

ಇಟ್ಟಿಗೆಗೂಡು, ಒಳಗಿನ ಅಡ್ಡರಸ್ತೆ, ಹಳೇ ನಂಬರು ಹನ್ನೆರಡು.
ಹೊಸ ನಂಬರು ಯಾರೂ ಬರೆಸಲಿಲ್ಲ.
ಕೋರ್ಟ್ ಕಮಿಷನರು ಸ್ಕೂಟರಿನಲ್ಲಿ ಬಂದಳು,
ಫರ್ಹಾನಾ ಅಂತ ಹೆಸರು, ನನ್ನ ಸೊಸೆಗಿಂತ ಚಿಕ್ಕವಳು.
ನೀರು ಕೊಟ್ಟರೆ ಬೇಡವೆಂದಳು,
ಯಾವ ಕಡೆಯವರದ್ದೂ ಕುಡಿಯುವಂತಿಲ್ಲವಂತೆ.

ಅಳತೆಗೆ ಹೇಳಿದ್ದ ಆಳು ಕೈಕೊಟ್ಟಿದ್ದ.
"ಟೇಪಿನ ತುದಿ ನೀವು ಹಿಡ್ಕೊಳ್ಳಿ ಅಮ್ಮ, ಡಬ್ಬಿ ಅವರು."
ಅವರು ಅಂದರೆ ಲಿಂಗರಾಜಣ್ಣ, ಒಂದನೇ ಪ್ರತಿವಾದಿ.
ದಾವಾ ಹಾಕಿದವಳು ನಾನು.
ಒಂಬತ್ತು ವರ್ಷ
ನಾವು ಆಡಿದ ಮಾತೆಲ್ಲ ವಕೀಲರ ಬಾಯಲ್ಲಿ.

ನಡುಮನೆ, ಹದಿನಾಲ್ಕಡಿ ಎರಡಂಗುಲ.
ಅಪ್ಪ ಎಣ್ಣೆ ಡಬ್ಬ ಜೋಡಿಸುತ್ತಿದ್ದ ಕೋಣೆ, ಏಳೂವರೆ.
ಗೋಡೆಯಿಂದ ಹುಚ್ಚೆಳ್ಳಿನ ವಾಸನೆ ಇನ್ನೂ ಹೋಗಿಲ್ಲ,
ಅದಕ್ಕೆ ಅವಳ ಹಾಳೆಯಲ್ಲಿ ಕಾಲಮ್ಮಿಲ್ಲ.
ಅಣ್ಣ ಅಂಕಿ ಓದುತ್ತಾನೆ,
ನನ್ನ ತುದಿಯಲ್ಲಿ ಯಾವಾಗಲೂ ಸೊನ್ನೆ.
ಮಧ್ಯೆ ಟೇಪು ಜೋತುಬಿತ್ತು, ಬಟ್ಟೆ ಒಣಹಾಕುವ ಹಗ್ಗದ ಹಾಗೆ.
"ಇಬ್ರೂ ಬಿಗಿಯಾಗಿ ಎಳೀರಿ,
ಸಡಿಲ ಬಿಟ್ರೆ ಲೆಕ್ಕ ತಪ್ಪುತ್ತೆ."
ಎಳೆದೆವು. ಅದೊಂದು ನಮಗೆ ಚೆನ್ನಾಗಿ ಬರುತ್ತೆ.

ಮೆಟ್ಟಿಲ ಹತ್ತಿರ ಅವಳ ಪೆನ್ನು ನಿಂತಿತು.
ಮೆಟ್ಟಿಲು ಒಂದೇ ಸಾಲು, ಬಾವಿ ಒಂದೇ,
ಬೀದಿಗೆ ಬಾಗಿಲು ಒಂದೇ. ಪಾಲುದಾರರು ಮೂವರು:
ತೀರಿಕೊಂಡ ತಮ್ಮನ ಹೆಂಡತಿ
ನಂಜನಗೂಡಿಂದ ಅಂಚೆಯಲ್ಲಿ ಸಹಿ ಕಳಿಸಿದ್ದಾಳೆ.
ಸೀಳಿದರೆ ಯಾರೂ ಮಹಡಿ ಹತ್ತುವ ಹಾಗಿಲ್ಲ.
ಬರೆದಳು: ಸ್ವತ್ತು ವಿಭಾಗಕ್ಕೆ ಯೋಗ್ಯವಲ್ಲ.
ಮಾರಿ ಹಣ ಹಂಚತಕ್ಕದ್ದು.

ನನಗೆ ಎಂಟು ವರ್ಷವಿದ್ದಾಗ
ಏಳನೇ ಮೆಟ್ಟಿಲು ನಂದು ಅಂತ ಸೀಮೆಸುಣ್ಣದಲ್ಲಿ ಬರೆದಿದ್ದೆ.
ಅಪ್ಪ ಒದ್ದೆಬಟ್ಟೆ ತಂದು ಒರೆಸಿದ್ದರು.
ಅಣ್ಣ ಮಾತ್ರ ಅವತ್ತಿಂದ ಅದನ್ನು ತುಳಿಯುತ್ತಿರಲಿಲ್ಲ.
ಇವತ್ತು, ಮೇಲಿನ ಕೋಣೆ ಅಳೆಯಲು ಹೋಗುವಾಗ,
ಅರವತ್ತಾರರ ಮಂಡಿಯನ್ನು ಕೈಯಲ್ಲಿ ಒತ್ತಿಕೊಂಡು
ಆರರಿಂದ ಎಂಟಕ್ಕೆ ಕಾಲೆತ್ತಿ ಇಟ್ಟ.
ಅವನಿಗೆ ಗೊತ್ತಾಯಿತೋ ಇಲ್ಲವೋ.
ಹಿಂದೆ ಹತ್ತುತ್ತಿದ್ದ ನಾನು
ನನ್ನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೆ.

ಮೇಲೆ ಹತ್ತಡಿ, ಹತ್ತಡಿ. "ಸಾಕು, ಬಿಡಿ" ಅಂದಳು.
ನಾನು ಮೊದಲು ಬಿಟ್ಟುಬಿಟ್ಟೆ.
ಟೇಪು ಬುಸುಗುಟ್ಟುತ್ತ ಓಡಿ ಅಣ್ಣನ ಬೆರಳಿಗೆ ಬಡಿಯಿತು.
ಬೆರಳು ಬಾಯಿಗಿಟ್ಟುಕೊಂಡ.
"ಏಟಾಯ್ತಾ?" ಅಂದುಬಿಟ್ಟೆ.

ಕಮಿಷನರು ಮಹಜರಿನ ಹಾಳೆ ಮುಂದೆ ಹಿಡಿದು
ಇಬ್ಬರ ಮುಖವನ್ನೂ ನೋಡಿದಳು.
"ಇಲ್ಲ" ಅಂದ, ಪೆನ್ನು ತಗೊಂಡ.
ಅವನ ಸಹಿಯ ಪಕ್ಕ ಬೆರಳ ಕೆಂಪು ಒಂದಿಷ್ಟು ಹತ್ತಿತು.
ಹರಾಜು ಇಪ್ಪತ್ತೊಂದಕ್ಕೆ.