ಬೆನ್ನಲ್ಲಿದ್ದದ್ದು

ಬೆಲ್ಮೀರೋ ಈಗ ಎಡ ಮಗ್ಗುಲಿಗೆ ಮಲಗುವುದಿಲ್ಲ.
ಗೋಡೆಗೆ ಮುಖ, ನನಗೆ ಬೆನ್ನು.
ಕತ್ತಲಲ್ಲಿ ಕೈಯಾಡಿಸಿದರೆ
ಎಡ ರೆಕ್ಕೆಮೂಳೆಯ ಕೆಳಗೆ ಒಂದು ತಗ್ಗು,
ನನ್ನ ಅಂಗೈ ಹಿಡಿಸುವಷ್ಟು.
ಇಪ್ಪತ್ತೇಳು ವರ್ಷ ನಾನು ಕೈಯಿಟ್ಟು ನಿದ್ದೆಹೋದ
ದಪ್ಪ ಮಾಂಸ ಅಲ್ಲಿಲ್ಲ.

ಸಾವ್ ಪಾವ್ಲೋದ ಡಾಕ್ಟರು ಚಿತ್ರ ಬರೆದು ತೋರಿಸಿದ್ದರು:
ಬೆನ್ನಿನಿಂದ ಬಿಡಿಸುತ್ತೇವೆ, ಕಂಕುಳಿನ ಬೇರು ಕೀಳುವುದಿಲ್ಲ,
ನರ, ನೆತ್ತರು ಹಾಗೇ ಇರುತ್ತವೆ.
ಪಕ್ಕೆಲುಬಿನ ತುಂಡೊಂದು ತೆಗೆದು, ಕಿಂಡಿ ಮಾಡಿ,
ಒಳಗೆ ತೂರಿಸಿ
ಹೃದಯಕ್ಕೆ ಸುತ್ತುತ್ತೇವೆ.
ಕೂಸಿಗೆ ಬಟ್ಟೆ ಸುತ್ತಿದ ಹಾಗಾ, ಅಂದೆ.
ಹೂಂ, ಹಾಗೇ.
ಪೆನ್ನಿಗೆ ಮುಚ್ಚಳ ಹಾಕಿ, ಸ್ವಲ್ಪ ತಡೆದು,
ಹಿಂಡುವ ಬಟ್ಟೆ, ಅಂದರು.

ಹನ್ನೆರಡಕ್ಕೇ ಗಂಟೆಯ ಹಗ್ಗ ಹಿಡಿದವನು.
ಮಿನಾಸಿನ ನಮ್ಮ ಬೆಟ್ಟದೂರಲ್ಲಿ ಗಂಟೆಗೆ ಮಾತು ಬರುತ್ತದೆ:
ಹೆಂಗಸು ಸತ್ತರೆ ಎರಡು, ಗಂಡಸಿಗೆ ಮೂರು,
ಹೆರಿಗೆ ಕಷ್ಟವಾದರೆ ಬಿಟ್ಟು ಬಿಟ್ಟು ಒಂಬತ್ತು.
ಅವನು ಕೈಯಿಂದ ಎಳೆಯುತ್ತಿರಲಿಲ್ಲ, ಬೆನ್ನಿನಿಂದ.
ಕೈ ಬರೀ ಕೊಕ್ಕೆ, ಎನ್ನುತ್ತಿದ್ದ.
ಭಾನುವಾರ ಗೋಪುರ ಇಳಿದು ಅಂಗಿ ಬಿಚ್ಚಿದರೆ
ಆ ಮಗ್ಗುಲು ಇನ್ನೂ ಮಿಡುಕುತ್ತಿತ್ತು,
ದಡಕ್ಕೆಳೆದ ಮೀನು.

ಹೃದಯ ಕೆಟ್ಟದ್ದು ಹಗ್ಗದಿಂದಲ್ಲ.
ಹುಟ್ಟಿದ ಮನೆಯ ಮಣ್ಣುಗೋಡೆಯ ಬಿರುಕಿನ ಹುಳದಿಂದ.
ನಮ್ಮ ಕಡೆ ಅದಕ್ಕೆ ಕ್ಷೌರಿಕ ಅಂತಾರೆ,
ನಿದ್ದೆ ಹತ್ತಿದ ಮೇಲೆ ಮುಖವನ್ನೇ ಹುಡುಕಿ ಬರುವುದಕ್ಕೆ.
ನಾಲ್ಕು ವರ್ಷದ ಹುಡುಗನ ಕಣ್ಣಂಚಿಗೆ ಕಚ್ಚಿ ಹೋದದ್ದು
ನಲವತ್ತು ವರ್ಷ ಸುಮ್ಮನಿದ್ದು
ಬಡ್ಡಿಸಮೇತ ಲೆಕ್ಕ ಕೇಳಲು ಬಂತು.
ಎಕ್ಸ್‌ರೇಯಲ್ಲಿ ಹೃದಯ
ನೀರು ಕುಡಿದ ಕಾಫಿ ಮೂಟೆ.

ಹೊಲಿಗೆ ಕೂಡುವ ತನಕ ಎರಡು ವಾರ
ಮಾಂಸ ಸುಮ್ಮನೆ ತಬ್ಬಿಕೊಂಡು ಕೂತಿತ್ತು.
ಆಮೇಲೆ ಹರೂಮಿ ಬಂದಳು, ಸೂಟ್‌ಕೇಸಿನಷ್ಟು ಯಂತ್ರ ಹೊತ್ತು.
ಹೊಟ್ಟೆಯ ಚರ್ಮದಡಿ ಹೂತ ಡಬ್ಬಿಯ ಮೇಲೆ ಬಿಲ್ಲೆಯಿಟ್ಟು
ಗುಂಡಿ ತಿರುಗಿಸಿದಳು.
ಎರಡು ಬಡಿತಕ್ಕೊಮ್ಮೆ ಒಂದೇ ಒಂದು ಮಿಂಚು.
ಕೆಲವು ವಾರ ಬಿಟ್ಟು ಎರಡು. ಮತ್ತೆ ಇನ್ನೊಂದು.
'ಬೆನ್ನಿನ ಮಾಂಸಕ್ಕೆ ಸುಸ್ತಾಗುತ್ತದೆ, ದೋನಾ ಎವ್ಲಾಲಿಯಾ.
ಹೃದಯಕ್ಕೆ ಆ ಹಕ್ಕಿಲ್ಲ.
ಇದಕ್ಕೆ ಅದನ್ನು ಕಲಿಸಬೇಕು.'
ಮುದುಕ ಅನಾಕ್ಲೇತೋ ನನಗೂ ಹೀಗೇ ಕಲಿಸಿದ್ದು,
ಮೊದಲು ಸಣ್ಣ ಗಂಟೆ, ಎಂದ ಬೆಲ್ಮೀರೋ,
ನಗುವಾಗ ಹೊಲಿಗೆ ಹಿಡಿದುಕೊಂಡ.
ಪಕ್ಕದ ಹಾಸಿಗೆಯವನ ಮಾಂಸ ಕಲಿಯುವುದರೊಳಗೆ
ಹೃದಯ ಶಾಲೆ ಬಿಟ್ಟಿತ್ತು.
ಆ ದಿನ ಹರೂಮಿ ನಮ್ಮ ಹತ್ತಿರ ಜಾಸ್ತಿ ಹೊತ್ತು ಕೂತಳು.

ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚು.
ನಿನ್ನ ಬೆನ್ನಿಗಿದ್ದೇನೆ ಅಂತ ಎಲ್ಲರೂ ಅಂದರು,
ಪಾದ್ರಿ, ಅಣ್ಣಂದಿರು, ನಾನೂ.
ಇದ್ದಲ್ಲಿಂದ ಎದ್ದು ಒಳಗೆ ಹೋದದ್ದು ಅದೊಂದೇ.
ಅದರ ಉಪ್ಪು ನನಗೆ ಗೊತ್ತಿತ್ತು,
ಸೆಕೆಯಲ್ಲಿ ಅದು ಹೊಳೆಯುವುದು ಗೊತ್ತಿತ್ತು.
ಈಗ ಅದರ ಸುದ್ದಿ ಬೇಕಾದರೆ
ಹರೂಮಿಯ ಕಾಗದದ ಸುರುಳಿ ಓದಬೇಕು.

ಗೋಪುರಕ್ಕೆ ಅರವತ್ತೊಂದು ಮೆಟ್ಟಿಲು.
ಕಳೆದ ತಿಂಗಳು ಹದಿನಾಲ್ಕು ಹತ್ತಿದ.
ಎಡಗೈ ತಲೆ ಬಾಚುವಷ್ಟು ಏಳುವುದಿಲ್ಲ,
ನಾನೇ ಬಾಚುತ್ತೇನೆ.
ಮೇಲೆ ಈಗ ಜುಲೇಯ್ದೆ, ತಂಗಿಯ ಮಗಳು.
ಅವಳು ಅರೆಗಳಿಗೆ ಮೊದಲೇ ಎಳೆದರೆ
ಕೆಳಗಿನ ಬೆಂಚಿನಲ್ಲಿ ಇವನ ಭುಜ ತಾನಾಗಿ ಕುಗ್ಗುತ್ತದೆ,
ಎಳೆಯಲು ಅಲ್ಲಿ ಏನೂ ಇಲ್ಲದಿದ್ದರೂ.

ನಡುರಾತ್ರಿ ಅವನು ಅಂಗಾತವಾದಾಗ
ಎದೆಗೆ ಕಿವಿಯಿಡುತ್ತೇನೆ.
ಮೊದಲು ಸೋತ ಬಡಿತ, ಮನೆ ಮರೆತವನ ಕದ ತಟ್ಟಿದಂತೆ.
ಅದರ ಮುಂದಿನದಕ್ಕೆ
ಒಳಗಿನಿಂದ ಯಾರೋ ಹಗ್ಗ ಜಗ್ಗುತ್ತಾರೆ,
ಇಡೀ ಎದೆ ಬಿಗಿಯುತ್ತದೆ.
ಗುರುತು ಸಿಗುತ್ತದೆ ನನಗೆ.
ಎಣಿಸುತ್ತಾ ಮಲಗುತ್ತೇನೆ:
ಒಂದು, ಎರಡು,
ನಾಲ್ಕು, ಐದು.